ಹಲಗೆ ನಮ್ಮದು, ಮಣ್ಣು ಯಾರದು?

ಸೇಡಂ ತಾಲೂಕಿನ ಆಡಕಿ ಸೀಮೆಯ ಒಂದು ಹಾಸ್ಟೆಲಿನಲ್ಲಿ ಹೆಣ್ಣುಮಕ್ಕಳಿಗೆ ಕರಾಟೆ ಹೇಳಿಕೊಡುತ್ತಿದ್ದರು. ನಾವು ಕೆಲವರು ಮೇಷ್ಟ್ರು, ಸಂಘಟನೆಯವರು ಕೂಡಿ ನೋಡಲಿಕ್ಕೆ ಹೋಗಿದ್ದೆವು. ಒಂದೇ ನಿಲುವು, ಒಂದೇ ಗುದ್ದು. ಬಲಗೈ ಮುಂದೆ, ಎಡಗೈ ಹಿಂದೆ. ಎಡಗೈ ಮುಂದೆ, ಬಲಗೈ ಹಿಂದೆ. ನೂರು ಸಲ ಆದ ಮೇಲೆ ಮತ್ತೆ ನೂರು ಸಲ. ಎಂಟನೇ ಇಯತ್ತೆಯ ಒಬ್ಬ ಹುಡುಗಿ ಓಢಣಿಯಿಂದ ಬೆವರು ಒರೆಸಿಕೊಳ್ಳುತ್ತ ಕೇಳಿಯೇಬಿಟ್ಟಳು: 'ಸರ್, ದಿನಾ ಇದನ್ನೇ ಮಾಡ್ಲಾಕತ್ತೀವಿ. ಭಾಳ ಬ್ಯಾಸರ ಬರ್ತದ್ರಿ. ಖರೇ ಖರೇ ಹೊಡಿಯೋದು ಯಾವಾಗ ಕಲಸ್ತಾರ?'

ನಾವು ಥಟ್ಟನೆ ಒಂದು ಉತ್ತರ ಕೊಟ್ಟೆವು. ಜಿಲ್ಲಾ ಮಟ್ಟಕ್ಕೆ ಹೋಗಬಹುದು, ಸರ್ಟಿಫಿಕೇಟು ಸಿಗುತ್ತದೆ, ನಾಳೆ ಪೊಲೀಸ್ ಭರ್ತಿಗೆ ಉಪಯೋಗ ಆಗುತ್ತದೆ, ಹೀಗೆ. ಹುಡುಗಿ ತಲೆಯಾಡಿಸಿದಳು. ನಂಬಲಿಲ್ಲ. ಬಸ್ಸಿನಲ್ಲಿ ವಾಪಸು ಬರುವಾಗ ನಮಗೇ ನಮ್ಮ ಮಾತು ಸಪ್ಪಗೆ ಅನ್ನಿಸಿತು.

ಬೇಸರ ಅಂದರೆ ಸೋಮಾರಿತನ ಅಂತ ಬುದ್ಧಿ ಹೇಳುವವರು ಬಹಳ ಮಂದಿ ಇದ್ದಾರೆ. ನಾವು ಹಾಗೆ ಹೇಳಲಾರೆವು. ಮಾಡಿದ್ದನ್ನೇ ಮಾಡುವ ಕೆಲಸಕ್ಕೆ ನಮ್ಮ ಜನರಷ್ಟು ಒಗ್ಗಿದವರು ಈ ನಾಡಿನಲ್ಲಿ ಬೇರೆ ಯಾರಿದ್ದಾರೆ? ತೊಗರಿ ಕೊಯ್ಯುವುದು, ಜೋಳದ ಕಣಕಿ ಕಟ್ಟುವುದು, ಶಹಾಬಾದಿನ ಕಡೆಯ ಖಣಿಗಳಲ್ಲಿ ಫರಸಿ ಕಲ್ಲು ಎಬ್ಬಿಸುವುದು, ಎಲ್ಲವೂ ಒಂದೇ ಏಟನ್ನು ಸಾವಿರ ಸಲ ಹಾಕುವ ಕೆಲಸವೇ. ಅಲ್ಲಿ ಬೇಸರ ಬಂತು ಅಂತ ಕೂತರೆ ಅವತ್ತಿನ ಕೂಲಿ ಇಲ್ಲ. ಹಾಗಿದ್ದ ಮೇಲೆ ಅದೇ ಮನೆಯ ಮಗಳಿಗೆ ನೂರು ಗುದ್ದಿಗೆ ಬೇಸರ ಯಾಕೆ ಬರುತ್ತದೆ? ಈ ಪ್ರಶ್ನೆ ಹಿಡಿದುಕೊಂಡು ಚರಿತ್ರೆಯ ಒಳಗೆ ಸ್ವಲ್ಪ ದೂರ ನಡೆದು ನೋಡೋಣ.

ದೂರ ಹೋಗುವುದೇನೂ ಬೇಡ. ಕಲ್ಯಾಣದ ಚಾಲುಕ್ಯರ ರಾಜ್ಯದೊಳಗೇ ಇದ್ದ ನೆಲ ನಮ್ಮದು. ಆ ವಂಶದ ಮೂರನೇ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ಮಾನಸೋಲ್ಲಾಸ ಅನ್ನುವ ದೊಡ್ಡ ಗ್ರಂಥ ಮಾಡಿದ. ರಾಜ ಏನು ತಿನ್ನಬೇಕು, ಆನೆ ಹೇಗೆ ಹಿಡಿಸಬೇಕು, ಹೊತ್ತು ಹೇಗೆ ಕಳೆಯಬೇಕು ಎಲ್ಲ ಅದರಲ್ಲಿದೆ. ಹೊತ್ತು ಕಳೆಯುವ ಬಾಬತ್ತಿನಲ್ಲೇ ಮಲ್ಲವಿನೋದ ಅಂತ ಒಂದು ಭಾಗ ಬರುತ್ತದೆ. ಜಟ್ಟಿಗಳಲ್ಲಿ ಜ್ಯೇಷ್ಠಿಕ, ಅಂತರಜ್ಯೇಷ್ಠಿಕ, ಗೋವಳ ಅಂತ ಮೂರು ದರ್ಜೆ. ಅವರು ಮಾಡುವ ಸಾಧನೆಗೂ ಹೆಸರುಗಳಿವೆ. ಭಾರ ಎತ್ತುವುದು ಭಾರಶ್ರಮ, ನಸುಕಿನಲ್ಲಿ ನಡೆದಾಡುವುದು ಭ್ರಮಣಶ್ರಮ, ನೀರಿಗಿಳಿದು ಈಸುವುದು ಸಲಿಲಶ್ರಮ, ಕಂಬಕ್ಕೆ ಮೈ ಸುತ್ತಿ ಹತ್ತುವುದು ಸ್ತಂಭಶ್ರಮ. ತೋಳಿಗೆ ತೋಳು ಕೊಟ್ಟು ನೂಕಾಡುವುದಕ್ಕೂ ಇಂಥದೇ ಒಂದು ಹೆಸರಿದೆ. ಅವರಿಗೆ ಉದ್ದು, ಮಾಂಸ, ಹಾಲು, ತುಪ್ಪ ಎಲ್ಲ ಅರಮನೆಯ ಉಗ್ರಾಣದಿಂದ.

ಓದುವಾಗ ನಮ್ಮ ಕಣ್ಣು ಒಂದೇ ಶಬ್ದದ ಮೇಲೆ ನಿಂತುಬಿಟ್ಟಿತು. ಶ್ರಮ. ಜಟ್ಟಿ ಮಾಡಿದರೂ ಶ್ರಮ, ಕೂಲಿಯವ ಮಾಡಿದರೂ ಶ್ರಮ. ಭಾರಶ್ರಮ ಅನ್ನುವುದನ್ನು ಕಲ್ಯಾಣದ ಕೋಟೆಗೆ ಕಲ್ಲು ಹೊತ್ತವರು ಯಾವ ಉದ್ದು, ಯಾವ ತುಪ್ಪವೂ ಇಲ್ಲದೆ ಮಾಡಿದರು. ಅವರ ದರ್ಜೆಗೆ ಯಾವ ಹೆಸರೂ ಪುಸ್ತಕದಲ್ಲಿಲ್ಲ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ ಇದಕ್ಕೂ ಮುಂಚೆ, 1058ರ ಶಾಸನದ ಹೊತ್ತಿಗೇ, ದೊಡ್ಡ ಘಟಿಕಾಸ್ಥಾನವಿತ್ತು. ವೇದ ಓದುವವರು, ಶಾಸ್ತ್ರ ಓದುವವರು, ಪುಸ್ತಕ ಕಾಯುವ ಸರಸ್ವತೀ ಭಂಡಾರಿಗರು. ವೇದ ಬಾಯಿಪಾಠ ಮಾಡುವುದು ಬೇಸರದ ಕೆಲಸ ಅಲ್ಲವೆ? ಒಂದೇ ಸಾಲನ್ನು ಹಿಂದೆ ಮುಂದೆ ಮಾಡಿ ನೂರು ಸಲ ಹೇಳುವುದು ಸಾಮು ಮಾಡಿದಷ್ಟೇ ಕಠಿಣ. ಆದರೆ ಹೊಟ್ಟೆಗೆ ದತ್ತಿಯ ಭೂಮಿ ಇತ್ತು, ಬೆನ್ನಿಗೆ ರಾಜ ಇದ್ದ. ಬೇಸರವನ್ನು ದಾಟಿಸುವ ಮೊದಲ ಉಪಾಯ ಆ ಕಾಲಕ್ಕೇ ಗೊತ್ತಿತ್ತು: ಉಂಬಳಿ.

ಇದೇ ಕತೆ ಮುಂದೂ ನಡೆದು ಬಂತು. ಮೈಸೂರಿನ ಜಟ್ಟಿಗಳು ದಸರೆಯಲ್ಲಿ ಅರಸರ ಮುಂದೆ ವಜ್ರಮುಷ್ಟಿ ಕಾಳಗ ಮಾಡಿದರು. ಗಾಮಾ ಪೈಲ್ವಾನ ದಿನಕ್ಕೆ ಮೂರು ಸಾವಿರ ದಂಡ, ಐದು ಸಾವಿರ ಬೈಠಕ್ ಹೊಡೆಯುತ್ತಿದ್ದ ಅಂತ ಇವತ್ತಿಗೂ ತಾಲೀಮುಗಳಲ್ಲಿ ಹೇಳುತ್ತಾರೆ. ಖರೆ ಇರಬಹುದು. ಅವನ ಹಿಂದೆ ದತಿಯಾ, ಪಟಿಯಾಲ ಸಂಸ್ಥಾನಗಳ ಬಾದಾಮಿ, ಹಾಲು ಇದ್ದವು ಅನ್ನುವುದನ್ನು ಮಾತ್ರ ಯಾರೂ ಅಷ್ಟು ಜೋರಾಗಿ ಹೇಳುವುದಿಲ್ಲ.

ಈಗ ನಮ್ಮ ಊರಿನ ತಾಲೀಮಿಗೆ ಬರೋಣ. ದಕ್ಷಿಣದವರು ಗರಡಿ ಮನೆ ಅನ್ನುವುದಕ್ಕೆ ನಮ್ಮ ಕಡೆ ತಾಲೀಮು ಅನ್ನುತ್ತೇವೆ. ಗಿಡ್ಡ ಬಾಗಿಲು, ಒಳಗೆ ಕತ್ತಲು, ನಡುವೆ ಕೆಂಪು ಮಣ್ಣು. ಎಣ್ಣೆ, ಮಜ್ಜಿಗೆ, ಅರಿಶಿನ ಕಲಸಿ ಮೆದು ಮಾಡಿದ ಮಣ್ಣು. ಮೂಲೆಯಲ್ಲಿ ಗದೆ, ಕರೇಲ, ಎತ್ತುವ ಗುಂಡುಕಲ್ಲು. ಕಲಿಸುವವನಿಗೆ ವಸ್ತಾದ ಅನ್ನುವ ಹೆಸರು. ತಾಲೀಮು ಅರಬ್ಬಿಯಿಂದ ಬಂದ ಶಬ್ದ, ಅದರ ಮೂಲ ಅರ್ಥ ಶಿಕ್ಷಣ. ನಿಜಾಮನ ಕಾಲದಲ್ಲಿ ಸಾಲಿಗಳನ್ನು ನೋಡಿಕೊಳ್ಳುವ ಇಲಾಖೆಗೂ ತಾಲೀಮಾತ್ ಎಂದೇ ಹೆಸರಿತ್ತು. ವಸ್ತಾದ ಅಂದರೆ ಉಸ್ತಾದ, ಗುರು. ಹೊಸ ಪಟ್ಟು ಬೇಕು ಅಂತ ಹುಡುಗ ಎಷ್ಟು ಗೋಗರೆದರೂ ಹಳೆಯ ಪಟ್ಟು ಮೈಗೆ ಹತ್ತುವ ತನಕ ವಸ್ತಾದ ಬಾಯಿ ಬಿಡುತ್ತಿರಲಿಲ್ಲ. ತಿಂಗಳುಗಟ್ಟಲೆ ಮಣ್ಣು ಅಗೆಯುವುದೇ ಪಾಠ.

ಇದೆಲ್ಲ ಚೆಂದದ ಚಿತ್ರ. ನಮ್ಮ ಕೇರಿಯ ಹಿರಿಯರು ಹೇಳುವುದು ಇದೇ ಚಿತ್ರದ ಇನ್ನೊಂದು ಮಗ್ಗಲು. ಜಾತ್ರೆಯ ಕುಸ್ತಿಗೆ ಹಲಗೆ ಬೇಕು. ಹಲಗೆಯಿಲ್ಲದೆ ಜೋಡಿ ಕೈ ಕೂಡಿಸುವುದಿಲ್ಲ, ಜನಕ್ಕೆ ಹುರುಪು ಏರುವುದಿಲ್ಲ. ಹಲಗೆ ಬಾರಿಸುವವರು ಯಾರು? ಹೊಲೆಯರು, ಮಾದಿಗರು. ಬೆಳಗಿನಿಂದ ಹೊತ್ತು ಮುಳುಗುವ ತನಕ ಒಂದೇ ಗತ್ತು, ಒಂದೇ ಪೆಟ್ಟು. ಗೆದ್ದವನ ತಲೆಗೆ ರುಮಾಲು, ಕೈಗೆ ಬೆಳ್ಳಿ ಕಡಗ. ಬಾರಿಸಿದವನಿಗೆ ದೂರದಿಂದ ಎಸೆದ ಚಿಲ್ಲರೆ. ಎಷ್ಟೋ ಊರುಗಳಲ್ಲಿ ಅವನ ಮಗ ಆ ತಾಲೀಮಿನ ಬಾಗಿಲು ದಾಟುವಂತಿರಲಿಲ್ಲ. ಕಾರಣ ಸರಳ. ಕುಸ್ತಿ ಅಂದರೆ ಮೈಗೆ ಮೈ ತಾಗಬೇಕು. ಮುಟ್ಟಬಾರದು ಅಂತ ಇಟ್ಟವರ ಹತ್ತಿರ ಸೋತರೆ ಬೆನ್ನು ಮಣ್ಣಿಗೆ ಮಾತ್ರ ಹತ್ತುವುದಿಲ್ಲ, ಮನುವಿಗೂ ಹತ್ತುತ್ತದೆ.

ಹಲಗೆ ಬಾರಿಸುವ ಒಬ್ಬ ಅಜ್ಜನನ್ನು ಕೇಳಿದೆವು, ಅಷ್ಟು ಹೊತ್ತು ಒಂದೇ ಗತ್ತು ಬಾರಿಸಲಿಕ್ಕೆ ಬೇಸರ ಬರ್ತಿರಲಿಲ್ಲೇನು ಅಂತ. 'ಬರ್ತಿತ್ತು. ಆದ್ರ ಗೌಡ ಮುಂದ ಕುಂತಿರ್ತಿದ್ದ' ಅಂದ. ಸ್ವಲ್ಪ ತಡೆದು ಮತ್ತೆ ಹೇಳಿದ: 'ಮೊಹರಮ್ಮಿನಾಗ ಬರ್ತಿರಲಿಲ್ಲ.' ಅದೇ ಹಲಗೆ, ಅದೇ ಕೈ. ನಮ್ಮ ಸೀಮೆಯ ಮೊಹರಮ್ಮಿನಲ್ಲಿ ಅಲಾಯಿ ಕುಣಿಯ ಸುತ್ತ ಎಲ್ಲ ಜಾತಿಯವರು ಹೆಜ್ಜೆ ಹಾಕುತ್ತಾರೆ, ಪೀರ ಹೊರುತ್ತಾರೆ. ಅಲ್ಲಿ ಇಡೀ ರಾತ್ರಿ ಬಾರಿಸಿದರೂ ಕೈ ಸೋಲುತ್ತಿರಲಿಲ್ಲವಂತೆ. ನಮ್ಮ ಪ್ರಶ್ನೆಗೆ ಅರ್ಧ ಉತ್ತರ ಅಜ್ಜನ ಆ ಎರಡನೇ ಮಾತಿನಲ್ಲಿತ್ತು. ಬೇಸರ ಇರುವುದು ಪೆಟ್ಟಿನ ಲೆಕ್ಕದಲ್ಲಿ ಅಲ್ಲ. ಪೆಟ್ಟು ಯಾರ ಖಾತೆಗೆ ಜಮಾ ಆಗುತ್ತದೆ ಅನ್ನುವುದರಲ್ಲಿ.

ಹಾಗಾದರೆ ನಮ್ಮ ಖಾತೆಗೇ ಜಮಾ ಆದ ತಾಲೀಮು ಎಲ್ಲಿಯೂ ಇರಲಿಲ್ಲವೆ? ಇತ್ತು. ಪುಣೆಯಲ್ಲಿ ಲಹುಜಿ ಸಾಳವೆ ನಡೆಸಿದ ತಾಲೀಮು ಅಂಥದು. ಲಹುಜಿ 1794ರಲ್ಲಿ ಹುಟ್ಟಿದ ಮಾತಂಗ, ನಮ್ಮ ಮಾದಿಗರ ಹಾಗೆಯೇ ಅಸ್ಪೃಶ್ಯ ಜಾತಿ. ಜನ ಅವನನ್ನು ಲಹುಜಿ ವಸ್ತಾದ ಎಂದೇ ಕರೆದರು. ಕುಸ್ತಿ, ದಾಂಡಪಟ್ಟಾ, ಕತ್ತಿವರಸೆ, ಗುರಿ ಹೊಡೆಯುವುದು ಎಲ್ಲ ಅಲ್ಲಿತ್ತು. ಅಸ್ಪೃಶ್ಯನ ಮಣ್ಣಿನಲ್ಲಿ ಹೊರಳಾಡಲಿಕ್ಕೆ ಮಾಳಿಗಳು ಬಂದರು, ಬ್ರಾಹ್ಮಣರೂ ಬಂದರು. ಜೋತಿಬಾ ಫುಲೆ ದಾಂಡಪಟ್ಟಾ ಕಲಿತದ್ದು ಇಲ್ಲಿ. ದಾಂಡಪಟ್ಟಾ ಅಂದರೆ ಮೊಣಕೈ ತನಕ ಕಬ್ಬಿಣದ ಕವಚ ಕೂಡಿಸಿದ ಉದ್ದ ಬಾಗುವ ಕತ್ತಿ. ಮಣಿಕಟ್ಟು ಮಡಚಲಿಕ್ಕೆ ಬರುವುದಿಲ್ಲ, ಇಡೀ ತೋಳು, ಸೊಂಟ, ಹೆಜ್ಜೆ ಕೂಡಿಯೇ ತಿರುಗಬೇಕು. ಹೆಜ್ಜೆ ಒಂದು ತಪ್ಪಿದರೆ ಸ್ವಂತ ಕಾಲಿಗೇ ಗಾಯ. ಅದಕ್ಕೇ ಮೊದಲು ಬರೀ ಹೆಜ್ಜೆ, ಬರೀ ತಿರುವು.

1848ರಲ್ಲಿ ಫುಲೆ ಹೆಣ್ಣುಮಕ್ಕಳ ಸಾಲಿ ತೆಗೆದಾಗ ಸನಾತನಿಗಳು ಸುಮ್ಮನಿರಲಿಲ್ಲ. ಸಾವಿತ್ರಿಬಾಯಿಯ ಮೇಲೆ ಸೆಗಣಿ, ಕಲ್ಲು ಬಿದ್ದವು. ಆಗ ಬೆನ್ನಿಗೆ ನಿಂತವರಲ್ಲಿ ಲಹುಜಿ ಒಬ್ಬ. ತನ್ನ ಕೇರಿಯ ಮಕ್ಕಳನ್ನು ಸಾಲಿಗೆ ಕಳಿಸಿದ. ಆ ಸಾಲಿಯಲ್ಲಿ ಓದಿದ ಮಾತಂಗ ಹುಡುಗಿ ಮುಕ್ತಾ ಸಾಳವೆ 1855ರಲ್ಲಿ ತನ್ನ ಜನರ ದುಃಖದ ಬಗ್ಗೆ ಬರೆದ ಪ್ರಬಂಧ ಜ್ಞಾನೋದಯ ಪತ್ರಿಕೆಯಲ್ಲಿ ಅಚ್ಚಾಯಿತು. ತಾಲೀಮು ಅನ್ನುವ ಶಬ್ದದ ಎರಡೂ ಅರ್ಥ ಒಂದೇ ಕೇರಿಯಲ್ಲಿ ಕೂಡಿದ್ದು ಹೀಗೆ. ಫುಲೆ ಆ ತಿರುವನ್ನು ಎಷ್ಟು ಸಾವಿರ ಸಲ ತಿರುಗಿಸಿದರೋ ಏನೋ, ಕತ್ತಿಯಿಂದ ಯಾರನ್ನೂ ಕಡಿಯಲಿಲ್ಲ. ಕಲ್ಲು ಬೀಳುವ ದಾರಿಯಲ್ಲಿ ಬೆನ್ನು ಬಗ್ಗಿಸದೆ ನಡೆದರು.

ಇನ್ನೊಂದು ದಾರಿ ಸೈನ್ಯದ ಕವಾಯತು. ಬ್ರಿಟಿಷರ ಮುಂಬಯಿ ಸೈನ್ಯದಲ್ಲಿ ಮಹಾರರು ಬಹಳ ಕಾಲ ಇದ್ದರು. ಎಡ ಬಲ, ಎಡ ಬಲ. ಇದಕ್ಕಿಂತ ಬೇಸರದ್ದು ಏನಿದೆ? ಆದರೆ ಊರಲ್ಲಿ ದಾರಿ ಬಿಟ್ಟು ಸರಿಯಬೇಕಿದ್ದವನು ಅಲ್ಲಿ ಸಾಲಿನ ನಡುವೆ ಎದೆಯೆತ್ತಿ ನಿಂತ. ಕಂಟೋನ್ಮೆಂಟಿನ ಸಾಲಿಯಲ್ಲಿ ಅವನ ಮಕ್ಕಳು ಅಕ್ಷರ ಕಲಿತರು. ಅಂಬೇಡ್ಕರರ ತಂದೆ ರಾಮಜಿ ಸುಭೇದಾರರಾಗಿದ್ದವರು, ಸೈನ್ಯದ ಸಾಲಿಯಲ್ಲಿ ಪಾಠ ಹೇಳಿದವರು. 1890ರ ದಶಕದ ಮೊದಲಲ್ಲಿ ಸರ್ಕಾರ ಮಹಾರರ ಭರ್ತಿ ನಿಲ್ಲಿಸಿದಾಗ ಗೋಪಾಳಬಾಬಾ ವಲಂಗಕರ್ ಅರ್ಜಿ ಬರೆದು ಹೋರಾಡಿದ್ದು ಬರೀ ಪಗಾರದ ಆಸೆಗಲ್ಲ. ಮಹಾರ್ ರೆಜಿಮೆಂಟು ನಮ್ಮ ಬೆಳಗಾವಿಯಲ್ಲಿ ಹುಟ್ಟಿದ್ದು 1941ರಲ್ಲಿ. ಸೈನ್ಯದ ಖಾತೆ ದೊರೆಯದೇ, ಒಪ್ಪೋಣ. ಆದರೆ ಬಡ್ಡಿಯ ಒಂದು ಪಾಲು ನಮ್ಮ ಕೇರಿಗೂ ಬಂತು.

1927ರ ಮಾರ್ಚ್ 20ರಂದು ಮಹಾಡದ ಚವದಾರ ಕೆರೆಯ ನೀರು ಕುಡಿದ ಮೇಲೆ ಏನಾಯಿತು ಅನ್ನುವುದನ್ನು ನಮ್ಮ ಹುಡುಗರಿಗೆ ನಾವು ಸರಿಯಾಗಿ ಹೇಳುವುದಿಲ್ಲ. ನೀರಿನ ತನಕ ಹೇಳಿ ಭಾಷಣ ಮುಗಿಸುತ್ತೇವೆ. ಅಸ್ಪೃಶ್ಯರು ಗುಡಿಯೊಳಗೂ ನುಗ್ಗುತ್ತಾರೆ ಅನ್ನುವ ಗಾಳಿಮಾತು ಹಬ್ಬಿ ಸವರ್ಣೀಯರ ಗುಂಪು ಪೆಂಡಾಲಿಗೆ ನುಗ್ಗಿತು. ಉಣ್ಣುತ್ತಿದ್ದವರನ್ನು, ಊರಿಗೆ ಹೊರಟವರನ್ನು ಹೊಡೆದರು. ಸಮ್ಮೇಳನಕ್ಕೆ ಬಂದವರಲ್ಲಿ ಸೈನ್ಯದಲ್ಲಿದ್ದು ಬಂದ ಮಹಾರರು ಬಹಳ ಮಂದಿ ಇದ್ದರು. ಬಂಗಲೆಯಲ್ಲಿದ್ದ ಅಂಬೇಡ್ಕರರ ಒಂದು ಮಾತಿಗಾಗಿ ಕಾಯುತ್ತಿದ್ದರು. ಅವರು ಬೇಡ ಅಂದರು. ಕೈ ಎತ್ತಲಿಲ್ಲ. ಬಾರದ ಕೈಯನ್ನು ತಡೆಯಲಿಕ್ಕೆ ಯಾರೂ ಬೇಕಿಲ್ಲ, ಅದು ತಾನೇ ನಿಂತಿರುತ್ತದೆ. ಪಳಗಿದ ಕೈಯನ್ನು ತಡೆಯುವುದೇ ಕಷ್ಟ. ಆ ತಡೆಯನ್ನೂ ಅವರು ಕವಾಯತಿನಲ್ಲೇ ಕಲಿತಿದ್ದರು ಅಂತ ನಮಗೆ ಅನ್ನಿಸುತ್ತದೆ. ಸಮತಾ ಸೈನಿಕ ದಳ ಹುಟ್ಟಿದ್ದು ಅದೇ 1927ರಲ್ಲಿ. 1942ರ ಜುಲೈಯಲ್ಲಿ ನಾಗಪುರದ ಸಮ್ಮೇಳನದ ಜೊತೆಗೇ ದಳದ ಸಮ್ಮೇಳನವೂ ನಡೆಯಿತು.

ತಡೆಯಿಲ್ಲದ ಕೈ ಏನು ಮಾಡುತ್ತದೆ ಅನ್ನುವುದನ್ನು ನಮ್ಮ ಸೀಮೆ ಎರಡು ಸಲ ನೋಡಿದೆ. ರಜಾಕಾರ ಅಂದರೆ ಸ್ವಯಂಸೇವಕ ಅಂತಲೇ ಅರ್ಥ. ಅವರಿಗೂ ಸಾಲು ಇತ್ತು, ಲಾಠಿ ಇತ್ತು, ಕವಾಯತು ಇತ್ತು. ಹಳ್ಳಿಗಳನ್ನು ಸುಟ್ಟರು. 1948ರ ಸೆಪ್ಟೆಂಬರ್ 17ಕ್ಕೆ ನಿಜಾಮ ಶರಣಾದ. ಆಮೇಲೆ ಏಟು ಬಿದ್ದದ್ದು ರಜಾಕಾರರ ಮೇಲೆ ಮಾತ್ರವೆ? ಸುಂದರಲಾಲ್ ಸಮಿತಿ ಸಂಸ್ಥಾನದಲ್ಲಿ 27 ಸಾವಿರದಿಂದ 40 ಸಾವಿರ ಜನ ಸತ್ತಿರಬೇಕು ಅಂತ ಅಂದಾಜು ಮಾಡಿತು. ಸತ್ತವರು ಮುಸ್ಲಿಮರು. ಅತಿ ಹೆಚ್ಚು ಕೆಡುಕಾದ ಜಿಲ್ಲೆಗಳಲ್ಲಿ ನಮ್ಮ ಗುಲ್ಬರ್ಗಾ ಕೂಡ ಒಂದು. ವಸ್ತಾದ ಅನ್ನುವ ಶಬ್ದವನ್ನು ನಮಗೆ ಕೊಟ್ಟ ಭಾಷೆಯನ್ನು ಮನೆಯಲ್ಲಿ ಆಡುವ ಜನ ಅವರು. ಸಾಮು ಕಲಿಸುವಾಗ ಇದನ್ನೂ ಕಲಿಸಬೇಕಾಗುತ್ತದೆ.

ಇದೇ ಕಲಬುರಗಿಯಲ್ಲಿ 1968ರಲ್ಲಿ ಬಿ. ಶ್ಯಾಮಸುಂದರ್ ಭೀಮಸೇನೆ ಕಟ್ಟಿದರು. ಮುಂಬಯಿಯ ದಲಿತ ಪ್ಯಾಂಥರ್ಸ್‌ಗಿಂತ ನಾಲ್ಕು ವರ್ಷ ಮೊದಲು. ಶ್ಯಾಮಸುಂದರ್ 1948ರಲ್ಲಿ ನಿಜಾಮನ ನಿಯೋಗದಲ್ಲಿ ವಿಶ್ವಸಂಸ್ಥೆಗೆ ಹೋದವರು. ಅದಕ್ಕಾಗಿ ಅವರನ್ನು ದೂರುವವರು ಇದ್ದಾರೆ, ಇರಲಿ. ಆದರೆ ಕೇರಿಗೆ ಬೆಂಕಿ ಬಿದ್ದಾಗ ಪೊಲೀಸರ ದಾರಿ ಕಾಯುವ ಬದಲು ಕೇರಿಯ ಹುಡುಗರೇ ಸಾಲುಗಟ್ಟಿ ನಿಲ್ಲಬೇಕು ಅಂತ ನಮ್ಮ ನೆಲದಲ್ಲಿ ಹೇಳಿದವರು ಅವರು. ಅದೇ ವರ್ಷದ ಡಿಸೆಂಬರ್ 25ರಂದು ತಮಿಳುನಾಡಿನ ಕೀಳ್‌ವೆಣ್ಮಣಿಯಲ್ಲಿ ಕೂಲಿ ಹೆಚ್ಚು ಕೇಳಿದ್ದಕ್ಕೆ 44 ಜನ ದಲಿತರನ್ನು, ಹೆಂಗಸರು ಮಕ್ಕಳನ್ನೂ ಬಿಡದೆ, ಒಂದು ಗುಡಿಸಲಿನಲ್ಲಿ ಸುಟ್ಟರು. ಅವರು ಯಾಕೆ ಹಾಗೆ ಹೇಳಿದರು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. 1975ರಲ್ಲಿ ಶ್ಯಾಮಸುಂದರ್ ತೀರಿಕೊಂಡರು.

ಆ ಮಾತಿನ ಕಾವಿನಲ್ಲೇ ನಾವೂ ಒಮ್ಮೆ ಲಾಠಿ ಹಿಡಿದೆವು. ಪಕ್ಕದ ಊರಿನಲ್ಲಿ ಹೋಟೆಲಿನ ಲೋಟದ ವಿಷಯಕ್ಕೆ ನಮ್ಮ ಒಬ್ಬ ಹುಡುಗನಿಗೆ ಹೊಡೆತ ಬಿದ್ದಿತ್ತು. ಮರುದಿನದಿಂದ ನಸುಕಿನಲ್ಲಿ ನಲವತ್ತು ಜನ. ಮೊದಲ ವಾರ ಏನು ಅಬ್ಬರ! ಎರಡನೇ ತಿಂಗಳಿಗೆ ಹನ್ನೆರಡು ಜನ ಉಳಿದರು. ಮೂರನೇ ತಿಂಗಳಿಗೆ ಲಾಠಿಗಳು ಬಟ್ಟೆ ಒಣಹಾಕುವ ಗಳಗಳಾದವು. ಆಗ ನಾವು ಹುಡುಗರನ್ನೇ ಬೈದೆವು, ಹೋರಾಟದ ಬದ್ಧತೆ ಇಲ್ಲ ಅಂತ. ತಪ್ಪು ನಮ್ಮದು. ಬರೀ ಸಿಟ್ಟನ್ನು ನಂಬಿ ಶುರು ಮಾಡಿದ್ದೆವು. ಸಿಟ್ಟು ಒಳ್ಳೆಯದೇ, ಆದರೆ ಅದು ಹಲಗೆಯ ಚರ್ಮದ ಹಾಗೆ. ಬೆಂಕಿಗೆ ಹಿಡಿದಾಗ ಬಿಗಿಯಾಗುತ್ತದೆ, ತಣ್ಣಗಾದಾಗ ಸಡಿಲಾಗುತ್ತದೆ. ಬಾರಿಸುವವರು ಪ್ರತಿ ಸಲ ಹೊಸದಾಗಿ ಕಾಸುತ್ತಾರೆ, ನಿನ್ನೆ ಕಾಸಿದ್ದೆ ಅಂತ ಸುಮ್ಮನಿರುವುದಿಲ್ಲ. ಮೇಲಾಗಿ ಆ ನಲವತ್ತು ಜನರಲ್ಲಿ ಹಗಲೆಲ್ಲ ಖಣಿಯಲ್ಲಿ ಸುತ್ತಿಗೆ ಬೀಸುವವರು ಇದ್ದರು. ಅವರ ತೋಳಿನಲ್ಲಿ ಏನು ಉಳಿದಿದೆ ಅಂತ ನಾವು ಕೇಳಲೇ ಇಲ್ಲ. ಒಂದು ಹಿಡಿ ಪುಠಾಣಿಯ ವ್ಯವಸ್ಥೆಯನ್ನೂ ಮಾಡಲಿಲ್ಲ. ಹಲಗೆಯನ್ನಂತೂ ದೂರವೇ ಇಟ್ಟಿದ್ದೆವು, ಅದು ಬಿಟ್ಟಿ ಚಾಕರಿಯ ಗುರುತು ಅಂತ. ಗೌಡನ ಮನೆಯ ಮುಂದೆ ಬಾರಿಸುವುದಿಲ್ಲ ಅಂತ ಹಲಗೆ ಕೆಳಗಿಟ್ಟವರು ಮಾಡಿದ್ದು ಸರಿಯೇ. ನಮ್ಮ ಅಂಗಳದಲ್ಲಿ ನಮಗಾಗಿ ಬಾರಿಸಬಹುದಿತ್ತು ಅನ್ನುವುದು ಹೊಳೆಯಲಿಲ್ಲ, ಅಷ್ಟೆ.

ಬ್ರೆಜಿಲಿನ ಕರಿಯರಿಗೆ ಅದು ಹೊಳೆದಿತ್ತು. ಆಫ್ರಿಕದಿಂದ ಗುಲಾಮರಾಗಿ ಬಂದವರು ಕಟ್ಟಿದ ಕಪೊಯೆರಾ ಅನ್ನುವ ವಿದ್ಯೆ ಅಲ್ಲಿದೆ. ಕಾಲಿನಿಂದ ಒದೆಯುವ, ತಪ್ಪಿಸಿಕೊಳ್ಳುವ ವರಸೆಗಳು. ಅದರ ಮೂಲ ಹೆಜ್ಜೆ ಒಂದೇ, ಮುಂದೆ ಹಿಂದೆ ತೂಗುವುದು. ಸುತ್ತ ಜನ ವೃತ್ತ ಕಟ್ಟಿ ವಾದ್ಯ ನುಡಿಸುತ್ತಾರೆ, ಹಾಡುತ್ತಾರೆ. ಗುಲಾಮಗಿರಿ 1888ರಲ್ಲಿ ರದ್ದಾಯಿತು, 1890ರ ದಂಡಸಂಹಿತೆ ಕಪೊಯೆರಾವನ್ನು ಅಪರಾಧ ಮಾಡಿತು. ಆದರೂ ಸಾಯಲಿಲ್ಲ. 1932ರಲ್ಲಿ ಸಾಲ್ವಡೋರ್ ಊರಿನಲ್ಲಿ ಮೆಸ್ತ್ರೆ ಬಿಂಬಾ ಅನ್ನುವ ಗುರು ತನ್ನ ಶಾಲೆಯನ್ನೇ ತೆಗೆದ. ನಾವು ಹಲಗೆಯನ್ನೂ ಲಾಠಿಯನ್ನೂ ಬೇರೆ ಬೇರೆ ಮಾಡಿದ್ದೆವು. ಅವರು ಎರಡನ್ನೂ ಕೂಡಿಸಿಯೇ ಇಟ್ಟುಕೊಂಡರು. ಕೇರಳದ ಅಯ್ಯಂಕಾಳಿಯೂ ಒಂಟಿಯಾಗಿ ಸಾಮು ಮಾಡಲಿಲ್ಲ. ಗೆಳೆಯರ ಪಡೆ ಕಟ್ಟಿಕೊಂಡೇ ಪಳಗಿದ. 1893ರಲ್ಲಿ ಪುಲಯರಿಗೆ ನಿಷೇಧವಾಗಿದ್ದ ರಸ್ತೆಯಲ್ಲಿ ಎತ್ತಿನ ಗಾಡಿ ಹೂಡಿಕೊಂಡು ಹೊರಟ.

ಮತ್ತೆ ಆ ಹುಡುಗಿಯ ಹತ್ತಿರ ಹೋಗಬೇಕಲ್ಲ. ಎರಡನೇ ಸಲ ಹೋದಾಗ ಸರ್ಟಿಫಿಕೇಟಿನ ಮಾತು ಎತ್ತಲಿಲ್ಲ. ಒನಕೆ ಓಬವ್ವನ ಮಾತು ಎತ್ತಿದೆವು. ಹಾಸ್ಟೆಲಿನ ಹೆಣ್ಣುಮಕ್ಕಳಿಗೆ ಸರ್ಕಾರ ಕಲಿಸುವ ಈ ವಿದ್ಯೆಗೆ ಅವಳ ಹೆಸರೇ ಇದೆ. ಚಿತ್ರದುರ್ಗದ ಕೋಟೆಯ ಕಾವಲುಗಾರನ ಹೆಂಡತಿ, ಛಲವಾದಿ ಹೆಣ್ಣುಮಗಳು. ಕಿಂಡಿಯಿಂದ ನುಸುಳಿದ ಹೈದರನ ಸೈನಿಕರನ್ನು ಒಬ್ಬೊಬ್ಬರನ್ನಾಗಿ ಒನಕೆಯಿಂದ ಬಡಿದಳು ಅನ್ನುವ ಕತೆ ಎಲ್ಲರಿಗೂ ಗೊತ್ತು. ಕೋಟೆ 1779ರಲ್ಲಿ ಬಿತ್ತು, ಕತೆ ಬೀಳಲಿಲ್ಲ. ಅವಳಿಗೆ ಯಾವ ವಸ್ತಾದ ಕಲಿಸಿದ? ಅವಳು ದಿನಾ ಕುಟ್ಟುತ್ತಿದ್ದಳು. ಎತ್ತುವುದು, ಬಿಡುವುದು, ಎತ್ತುವುದು, ಬಿಡುವುದು. ಉಣ್ಣುವವರ ಖಾತೆಗೆ ಜಮಾ ಆಗುತ್ತಿದ್ದ ಅಷ್ಟು ವರ್ಷಗಳ ಏಟು ಒಂದು ಮಧ್ಯಾಹ್ನ ಅವಳ ಖಾತೆಗೆ ತಿರುಗಿತು. ಅದೂ ದೊರೆಯ ಕೋಟೆ ಉಳಿಸಲಿಕ್ಕೇ ಅಲ್ಲವೇನು ಅಂತ ಯಾರಾದರೂ ಕೇಳಬಹುದು. ಹೌದು. ನಾವೂ ಕೇಳಿಕೊಂಡೆವು. ಆ ಹುಡುಗಿಯೂ ಅದನ್ನೇ ಕೇಳಿದಳು: 'ಮತ್ತ ರಾಜಾ ಆಕಿಗಿ ಏನ್ ಕೊಟ್ಟ್ರಿ?' ಸಾಲಿನಲ್ಲಿ ನಿಂತ ಎಲ್ಲರೂ ನಕ್ಕರು.

ತರಬೇತಿಯ ತಿಂಗಳುಗಳು ಮುಗಿದು ಕಲಿಸುವವರು ಈಗ ಬರುವುದಿಲ್ಲ. ಶುರುವಿನಲ್ಲಿ ಮೂವತ್ತು ಹುಡುಗಿಯರಿದ್ದರು, ಈಗ ಒಂಬತ್ತು ಜನ ತಾವೇ ಮಾಡುತ್ತಾರೆ. ಅವರ ಸರ್ ಜಪಾನಿ ಭಾಷೆಯಲ್ಲಿ ಎಣಿಸುತ್ತಿದ್ದರಂತೆ. ಇವರು ಎಣಿಸುವುದನ್ನೇ ಬಿಟ್ಟಿದ್ದಾರೆ. ಒಬ್ಬಳು ಅಡಿಗೆಮನೆಯ ತಗಡಿನ ಡಬ್ಬಿ ಬೋರಲು ಹಾಕಿಕೊಂಡು ಬಾರಿಸುತ್ತಾಳೆ, ಉಳಿದ ಎಂಟು ಜನ ಆ ಗತ್ತಿಗೆ ಗುದ್ದುತ್ತಾರೆ, ಆಮೇಲೆ ಪಾಳಿ ಬದಲಾಗುತ್ತದೆ. ಗತ್ತು ಮೊಹರಮ್ಮಿನದು, ನಮಗೆ ಗುರುತು ಸಿಕ್ಕಿತು. ಏನಾದರೂ ಬೇಕೇನವ್ವಾ ಅಂತ ಕೇಳಿದಾಗ ಅವರು ಕೇಳಿದ್ದು ಒಂದೇ. ನಸುಕಿನಲ್ಲಿ ಹಿಂದಿನ ಅಂಗಳ ಕತ್ತಲಿರುತ್ತದೆ, ಅಲ್ಲಿ ಒಂದು ಬಲ್ಬು ಬೇಕಂತೆ. ಹೋದ ಸೋಮವಾರ ಸೇಡಮ್ಮಿನಿಂದ ವೈರು, ಹೋಲ್ಡರು ತಂದು ಹಾಕಿಸಿ ಬಂದೆವು.